ಹಾಲಿನ ಶೆಡ್ಡಿನ ವೈರ್‌ಲೆಸ್ ಕಾರ್ಡು

ಹೋದ ವಾರ ಬಂಗಾರಪೇಟೆ ಸ್ಟೇಷನ್ನಿನ ಎದುರಿಗೆ ಟೀ ಕುಡಿಯಲು ನಿಂತಿದ್ದಾಗ ಅಂಗಡಿಯವನ ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಸೀದ ಹಾಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಸುಸ್ತಾಯಿತು. ನಗಬೇಡಿ, ನಿಜವಾಗಿಯೂ ಬೆಂಚಿನ ಮೇಲೆ ಕೂತುಬಿಟ್ಟೆ. ಆ ವಾಸನೆಗೆ ಬೇರೆಯವರಿಗೆ ಅಮ್ಮನ ಅಡುಗೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ, ರೈಲು ಹಳಿಯ ಪಕ್ಕದ ತಗಡಿನ ಶೆಡ್ಡು, ಅದರೊಳಗಿದ್ದ ಒಂದು ಹಾಳು ಕಂಪ್ಯೂಟರ್ರು. ಅದನ್ನು ಸರಿಮಾಡಲು ನಾನು ತಿರುಗಿದ ತಿರುಗಾಟ ಯಾವ ಶತ್ರುವಿಗೂ ಬೇಡ.

ಆಗ ನಾನು ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಕೆಲಸಕ್ಕಿದ್ದೆ. ನಮ್ಮ ಊರು ಬಂಗಾರಪೇಟೆಯ ಹತ್ತಿರ. ಬೆಳಿಗ್ಗೆ ಹಸುವಿಗೆ ಮೇವು ಹಾಕಿ, ಮುದ್ದೆ ಉಂಡು, ಮಾರಿಕುಪ್ಪಂ ರೈಲು ಹಿಡಿದು ಹೋದರೆ ವಾಪಸ್ಸು ಬರುವುದು ಕತ್ತಲಾದ ಮೇಲೆ. ಅಂಗಡಿಯ ಮಾಲೀಕರು ಸೆಲ್ವರಾಜ್ ಅಣ್ಣ. ಅವರ ಮನೆ ಉರಿಗಾಂನಲ್ಲಿ, ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ. ಅಪ್ಪ, ತಾತ ಇಬ್ಬರೂ ನೆಲದೊಳಗೆ ಇಳಿದವರು. ಇವರೊಬ್ಬರು ಇಳಿಯಲಿಲ್ಲ. ಗಣಿ ಇವತ್ತು ಮುಚ್ಚುತ್ತದೆ, ನಾಳೆ ಮುಚ್ಚುತ್ತದೆ ಎಂದು ಊರೆಲ್ಲ ಮಾತಾಡುತ್ತಿದ್ದ ಕಾಲ ಅದು. ಹೊಸ ಕಂಪ್ಯೂಟರ್ ಕೊಳ್ಳುವವರು ಯಾರೂ ಇರಲಿಲ್ಲ. ಇದ್ದ ಹಳೆಯದನ್ನೇ ಉಜ್ಜಿ, ಊದಿ, ಮತ್ತೆ ಓಡಿಸುವುದು ನಮ್ಮ ಕೆಲಸವಾಗಿತ್ತು. ಸೆಲ್ವರಾಜ್ ಅಣ್ಣ ಬೆಳಿಗ್ಗೆ ಶಟರ್ ಎತ್ತುವಾಗಲೇ ಆಕಳಿಸುತ್ತಿದ್ದರು. ನೋಡಿ ನೋಡಿ ನನಗೂ ಅದೇ ಅಂಟಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಅಣ್ಣ ಫೋನಿಟ್ಟು ನನ್ನ ಕಡೆ ತಿರುಗಿದರು.

"ಎನ್ನಮ್ಮಾ ರತ್ನ, ನಿಮ್ಮೂರ ಕಡೆ ಒಂದು ಡೇರಿ ಕೆಲಸ ಬಂದದೆ. ವೈರ್‌ಲೆಸ್ ಕಾರ್ಡಂತೆ. ಕಟ್ ಆಗ್ತದಂತೆ. ಪೋಯ್ಟು ವಾಮ್ಮಾ, ಹೋಗಿ ನೋಡ್ಕೊಂಡು ಬಾ."

"ವೈರ್‌ಲೆಸ್ಸಾ? ನಾನು ಅದನ್ನ ಪುಸ್ತಕದಲ್ಲಿ ನೋಡಿದ್ದೀನಿ ಅಷ್ಟೆ ಅಣ್ಣ."

"ನಾನು ಪುಸ್ತಕದಲ್ಲೂ ನೋಡಿಲ್ಲ. ನೀನೇ ವಾಸಿ."

ಊರಿನ ಹೆಸರು ಬೇಡ, ಅದೇ ಜನ ಇನ್ನೂ ಅಲ್ಲೇ ಇದ್ದಾರೆ. ಮಾರಿಕುಪ್ಪಂಗೆ ಹೋಗುವ ಹಳಿಯ ಒಂದು ಮಗ್ಗುಲಿಗೆ ಹಾಲು ಸೇರಿಸುವ ಶೆಡ್ಡು, ಇನ್ನೊಂದು ಮಗ್ಗುಲಿಗೆ ಡೇರಿಯ ಆಫೀಸು. ಖಾಸಗಿ ಡೇರಿ. ಶೆಡ್ಡಿನ ಕಂಪ್ಯೂಟರಿನಿಂದ ಆಫೀಸಿನ ಕಂಪ್ಯೂಟರಿಗೆ ಲೆಕ್ಕ ಹೋಗಬೇಕು, ಆದರೆ ಹಳಿ ದಾಟಿಸಿ ತಂತಿ ಎಳೆಯುವಂತಿರಲಿಲ್ಲ. ಅದಕ್ಕೆಂದು ಬೆಂಗಳೂರಿನಿಂದ ಯಾರೋ ಬಂದು ಎರಡೂ ಕಡೆ ವೈರ್‌ಲೆಸ್ ಕಾರ್ಡು ಹಾಕಿ, ಛಾವಣಿಯ ಮೇಲೆ ಒಂದೊಂದು ಆಂಟೆನಾ ಕೋಲು ನಿಲ್ಲಿಸಿ, ಕಾಫಿ ಕುಡಿದು ಹೋಗಿದ್ದರು. ಆಮೇಲೆ ಎಷ್ಟು ಫೋನ್ ಮಾಡಿದರೂ ಆ ಮಹಾಶಯರು ಈ ಕಡೆ ತಲೆ ಹಾಕಲಿಲ್ಲ. ಬೆಳಿಗ್ಗೆ ಸಂಜೆ ಹಾಲು ಹಾಕಿಸಿಕೊಳ್ಳುವ ಹೊತ್ತಿಗೇ ಸರಿಯಾಗಿ ಲೈನು ಕಟ್ಟಾಗುತ್ತಿತ್ತು.

ಶೆಡ್ಡು ನೋಡಿಕೊಳ್ಳುತ್ತಿದ್ದವರು ವೆಂಕಟಸ್ವಾಮಿ. ಊರವರಿಗೆಲ್ಲ ಸ್ವಾಮಣ್ಣ. ಕೆಟ್ಟವರಲ್ಲ, ಆದರೆ ಯಾರನ್ನೂ ಎದುರು ಹಾಕಿಕೊಳ್ಳದ ಮನುಷ್ಯ. ಸೀಮೆಎಣ್ಣೆ ಸ್ಟೌವಿನ ಮೇಲೆ ಸದಾ ಹಾಲಿಟ್ಟಿರುತ್ತಿದ್ದರು, ಅದು ಸದಾ ಉಕ್ಕುತ್ತಿತ್ತು. ನನ್ನನ್ನು ನೋಡಿ ಅವರ ಮುಖ ಸಪ್ಪಗಾಯಿತು.

"ಏಮ್ಮಾ, ಮೆಕಾನಿಕ್ಕು ಇಂದೆ ಬತ್ತಾವ್ನಾ?"

"ನಾನೇ ಮೆಕಾನಿಕ್ಕು. ಸ್ವಿಚ್ಚೆಲ್ಲಿ ತೋರಿಸಿ."

ಕಂಪ್ಯೂಟರಿನ ಬೆನ್ನು ಬಿಚ್ಚಿದರೆ ಒಳಗೆ ಧೂಳು, ಹಾಲಿನ ಹನಿ, ಇರುವೆ. ತೂಕದ ಯಂತ್ರದ್ದೊಂದು ತಂತಿ, ಹಾಲಿನ ಜಿಡ್ಡು ನೋಡುವ ಯಂತ್ರದ್ದೊಂದು ತಂತಿ. ಎರಡನೆಯದನ್ನು ಜನ ಫ್ಯಾಟ್ ಮಿಷನ್ ಎನ್ನುತ್ತಿದ್ದರು. ಅದರ ಬಾಯಿಗೆ ಸಣ್ಣ ಲೋಟದಲ್ಲಿ ಹಾಲು ಹಿಡಿದರೆ ಹೀರಿಕೊಂಡು, ಎಷ್ಟು ಜಿಡ್ಡಿದೆ ಎಂಬ ಅಂಕೆಯನ್ನು ಕಂಪ್ಯೂಟರಿಗೆ ಕಳಿಸುತ್ತಿತ್ತು. ಅದಕ್ಕೆ ತನ್ನದೇ ಪರದೆ ಇರಲಿಲ್ಲ. ಸ್ವಾಮಣ್ಣ ಆ ಅಂಕೆಯನ್ನು ಕಂಪ್ಯೂಟರಿನಲ್ಲಿ ನೋಡಿ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಬರೆದು ಕೊಟ್ಟರೆ ಓದಲು ಬಾರದವರೇ ಹೆಚ್ಚಿದ್ದ ಊರಿನಲ್ಲಿ ಕೂಗಿ ಹೇಳುವುದೇ ರಸೀತಿ.

ಆಗಿನ ಕಂಪ್ಯೂಟರುಗಳ ತೊಂದರೆ ಏನೆಂದು ಒಂದು ಮಾತು ಹೇಳಿಬಿಡುತ್ತೇನೆ. ದೊಡ್ಡ ಸಾಹೇಬರ ಮೇಜಿನ ಮೇಲೆ ನಂಬರ್ ಹಾಕಿದ ಕೆಲವು ಗಂಟೆಗಳಿವೆ ಎಂದುಕೊಳ್ಳಿ. ಮೌಸಿಗೊಂದು, ಪ್ರಿಂಟರಿಗೊಂದು, ತೂಕದ ಯಂತ್ರಕ್ಕೊಂದು. ಯಾರಿಗೆ ಏನು ಹೇಳುವುದಿದ್ದರೂ ತಮ್ಮ ಗಂಟೆ ಬಾರಿಸಬೇಕು, ಸಾಹೇಬರು ನೋಡುತ್ತಾರೆ. ಇಬ್ಬರಿಗೆ ಒಂದೇ ಗಂಟೆ ಸಿಕ್ಕಿದರೆ ಮುಗಿಯಿತು, ಯಾರು ಕರೆದರೆಂದು ಸಾಹೇಬರಿಗೆ ತಿಳಿಯುವುದಿಲ್ಲ. ಇಲ್ಲಿ ಆದದ್ದು ಅದೇ. ಹೊಸದಾಗಿ ಬಂದ ವೈರ್‌ಲೆಸ್ ಕಾರ್ಡು, ಫ್ಯಾಟ್ ಮಿಷನ್ನಿನ ಗಂಟೆಯ ಮೇಲೆಯೇ ಕೈಯಿಟ್ಟಿತ್ತು. ಪರದೆಯ ಮೇಲೆ ಹಳದಿ ಗುರುತು ಕಾಣಿಸುತ್ತಿತ್ತು.

ಬೇರೆ ಗಂಟೆ ಖಾಲಿ ಇತ್ತೇ ಎಂದರೆ, ಇಲ್ಲ. ಇದ್ದ ಒಂದನ್ನು ಸೌಂಡ್ ಕಾರ್ಡ್ ಹಿಡಿದಿತ್ತು. ಹಾಲಿನ ಶೆಡ್ಡಿಗೆ ಸೌಂಡ್ ಕಾರ್ಡ್ ಯಾಕೆ? ಸ್ವಾಮಣ್ಣನಿಗೆ ಬೆಳಿಗ್ಗೆ ಸಿಡಿ ಹಾಕಿ ಭಕ್ತಿಗೀತೆ ಕೇಳಿಸಬೇಕು. ನಾನು ಸೌಂಡ್ ಕಾರ್ಡನ್ನು ನಿಲ್ಲಿಸಿ, ಅದರ ಗಂಟೆಯನ್ನು ವೈರ್‌ಲೆಸ್ಸಿಗೆ ಕೊಟ್ಟೆ. ಹಳಿಯಾಚೆಯ ಆಫೀಸಿನಿಂದ ಕೈಬೀಸಿ ಲೈನು ಬಂತು ಎಂದರು. ಉಪ್ಪಿಟ್ಟು ತಿಂದು ರೈಲು ಹತ್ತಿದೆ.

ಮಾರನೆಯ ದಿನವೇ ಫೋನು. ಮತ್ತೆ ಕಟ್ಟು. ಮತ್ತೆ ಹೋದೆ. ಸೌಂಡ್ ಕಾರ್ಡ್ ಮತ್ತೆ ಜೀವ ತಳೆದಿತ್ತು, ವೈರ್‌ಲೆಸ್ಸು ಹಳೆಯ ಜಾಗಕ್ಕೇ ಹೋಗಿ ಕೂತಿತ್ತು.

"ಸ್ವಾಮಣ್ಣ, ಇದನ್ನ ಯಾರು ಆನ್ ಮಾಡಿದ್ದು?"

"ನಾನೇ. ಅಲ್ಲಮ್ಮಾ, ದೇವ್ರ ಆಡಿಲ್ದೆ ಆಲು ಆಕುಸ್ಕೊಳಾದು ಎಂಗೆ? ಪಕ್ಕದೂರಿನ ಮೇಷ್ಟ್ರು ಮಗ ಬಂದು ಸರಿಮಾಡ್ಕೊಟ್ಟ."

ಏನು ಹೇಳುವುದು? ಆ ಬೇಸಿಗೆಯ ಅರ್ಧ ಹೀಗೇ ಹೋಯಿತು. ನಾನು ದೇವರ ಬಾಯಿ ಮುಚ್ಚಿಸಿ ಬರುವುದು, ಮುಂದಿನ ಹಾಲಿನ ಹೊತ್ತಿಗೆ ಸ್ವಾಮಣ್ಣ ತೆರೆಸುವುದು. ಇಳಿದಲ್ಲಿಂದ ಶೆಡ್ಡಿನವರೆಗೆ ಮರವಿಲ್ಲದ ದಾರಿ. ಸೀರೆಯ ಸೆರಗು ತಲೆಗೆ ಹೊದ್ದು, ಸ್ಕ್ರೂಡ್ರೈವರಿನ ಚೀಲ ಕಂಕುಳಲ್ಲಿಟ್ಟು, ಬಾಯೊಳಗೇ ಬೈದುಕೊಂಡು ನಡೆಯುತ್ತಿದ್ದೆ. ಕರೆಂಟ್ ಇಲ್ಲದಿದ್ದರೆ ಬರುವವರೆಗೆ ಹಾಲಿನ ಕ್ಯಾನಿನ ಮೇಲೆ ಕೂತಿರಬೇಕು. ತಗಡಿನ ಶಾಖಕ್ಕೆ ತಲೆ ಚಿಟ್ಟು ಹಿಡಿಯುತ್ತಿತ್ತು. ಈ ಕೆಲಸ ಬಿಟ್ಟು ಹಸು ಕಟ್ಟಿಕೊಂಡು ಮನೆಯಲ್ಲೇ ಇದ್ದುಬಿಡೋಣ ಎಂದು ದಿನಕ್ಕೆ ನಾಲ್ಕು ಸಲವಾದರೂ ಅನಿಸುತ್ತಿತ್ತು.

ಹಾಗೆ ಕೂತಿದ್ದಾಗಲೇ ಆ ಊರಿನ ಸಾಲನ್ನು ನೋಡಿದ್ದು. ಹಾಲು ಹಾಕುವ ಸಾಲು ಎಂದರೆ ಅಲ್ಲಿ ಮೊದಲು ಬಂದವರು ಮೊದಲು ಎಂದಲ್ಲ. ದೇವಸ್ಥಾನದ ಬೀದಿಯಿಂದ ಶುರುವಾಗಿ ಮನೆಗಳು ಹೇಗಿವೆಯೋ ಹಾಗೆಯೇ ಸಾಲು. ಯಾರು ಮೊದಲು ಬಂದರೂ ತಮ್ಮ ಪಾತ್ರೆಯನ್ನು ತಮ್ಮ ಮನೆಯ ಜಾಗದಲ್ಲಿಟ್ಟು ಕಾಯಬೇಕು. ಕೊನೆಯಲ್ಲಿ ಮೂವರು. ಅಕ್ಕಯ್ಯಮ್ಮ ಎಂಬ ಮುದುಕಿ, ಅವಳ ಹಿಂದೆ ಪಾಪಣ್ಣ, ಎಲ್ಲರ ಹಿಂದೆ ಮುನಿಯಮ್ಮ. ಪಾಪಣ್ಣನಿಗೆ ತೋಟವಿತ್ತು, ನಾಲ್ಕಾರು ಸೀಮೆಹಸುಗಳಿದ್ದವು, ಊರಿನ ಕೊನೆಯಲ್ಲಿ ಹೊಸ ಮನೆ ಕಟ್ಟಿಸಿದ್ದರಿಂದ ಸಾಲಿನ ಕೊನೆಗೆ ಬಂದಿದ್ದ. ಮುನಿಯಮ್ಮನ ಮನೆ ಅದಕ್ಕೂ ಆಚೆ, ಊರು ಮುಗಿದ ಮೇಲೆ. ಕೂಲಿಗೆ ಹೋಗುವವಳು, ಒಂದೇ ಹಸು. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಸುರಿದು ಹೋಗುತ್ತಿದ್ದಳು.

ಅವಳ ಸರದಿ ಬಂದಾಗ ಸ್ವಾಮಣ್ಣನ ದನಿ ಏರುತ್ತಿತ್ತು.

"ಮುನಿಯಮ್ಮ, ಎಲ್ಡು ಪಾಯಿಂಟ್ ಏಳು! ಮತ್ತೆ ನೀರೇನಮ್ಮಾ?"

"ದೇವ್ರಾಣೆ ಸ್ವಾಮಿ, ಒಂದ್ ತೊಟ್ಟೂ ಆಕಿಲ್ಲ."

ಜನ ನಗುತ್ತಿದ್ದರು. ಎಲ್ಲರಿಗೂ ನಾಲ್ಕರ ಆಸುಪಾಸು ಬರುವಾಗ ಅವಳೊಬ್ಬಳಿಗೆ ದಿನವೂ ಎರಡೂವರೆ, ಎರಡೂ ಮುಕ್ಕಾಲು. ಪಾಪಣ್ಣ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. "ಬಾವೀಗೆ ಅಸು ಕಟ್ಟೌಳೆ ಕಣ್ರಲಾ" ಎನ್ನುತ್ತಿದ್ದ. ಕೂಲಿಗೆ ಹೋದ ಹೊಲಗಳಲ್ಲೂ ಅವಳಿಗೆ ನೀರ್ ಮುನಿಯಮ್ಮ ಎಂಬ ಹೆಸರು ಬಿದ್ದಿತ್ತಂತೆ. ಡೇರಿಯ ಸೂಪರ್‌ವೈಸರ್ ಬಂದು, ಈ ಭಾನುವಾರದವರೆಗೆ ನೋಡಿ, ಸೋಮವಾರದಿಂದ ಇವಳ ಹಾಲು ಹಾಕಿಸಿಕೊಳ್ಳಬೇಡಿ ಎಂದು ಹೇಳಿ ಹೋಗಿದ್ದ.

ಒಂದು ಸಂಜೆ ನಾನು ರೈಲಿಗೆ ನಡೆಯುತ್ತಿದ್ದಾಗ ಅವಳು ಹಿಂದಿನಿಂದ ಓಡಿಬಂದಳು.

"ಮೇಡಮ್ಮಾ, ನೀವು ಮಿಷನ್ ಡಾಕ್ಟ್ರಲ್ವಾ? ಅದ್ಕೆ ನನ್ ಮ್ಯಾಲೆ ಏನ್ ಸಿಟ್ಟು ಕೇಳಿ ವಸಿ."

"ಮುನಿಯಮ್ಮಕ್ಕ, ನಾನು ನೋಡೋದು ಆಫೀಸಿಗೆ ಹೋಗೋ ಲೈನು. ಫ್ಯಾಟ್ ಮಿಷನ್ ನನ್ನ ಕೆಲಸ ಅಲ್ಲ."

"ನಮ್ಮಸೂಗೆ ಇಂಡಿ ಕೊಡ್ತೀನಿ, ನಾನ್ ಉಣ್ದಿದ್ರೂ ಕೊಡ್ತೀನಿ. ಆಲು ಬೆರಳಿಗೆ ಅಂಟ್ತದೆ ನೋಡಿ. ಸೋಮ್ವಾರದಿಂದ ಬ್ಯಾಡ ಅಂದ್ರೆ ಅಸು ಇಟ್ಕೊಂಡೇನ್ ಮಾಡ್ಲಿ? ಅದು ಓಗ್ಲಿ, ಕಳ್ಳಿ ಅನ್ನುಸ್ಕೊಂಡು ಈ ಊರಾಗೆ ಎಂಗ್ ಬಾಳಾದು?"

ತಂಬಿಗೆಯ ತಳದಲ್ಲಿ ಉಳಿದಿದ್ದ ಹಾಲಿಗೆ ಬೆರಳದ್ದಿ ನನ್ನ ಮುಂದೆ ಹಿಡಿದಳು. ನಾನೂ ಹಸು ಕರೆದವಳೇ. ನೀರು ಬೆರೆಸಿದ ಹಾಲು ಬೆರಳಿನ ಮೇಲೆ ಹಾಗೆ ನಿಲ್ಲುವುದಿಲ್ಲ. ಆದರೆ ರೈಲು ಕೂಗುತ್ತಿತ್ತು, ಬೆನ್ನು ನೋಯುತ್ತಿತ್ತು, ನೋಡ್ತೀನಿ ಎಂದು ಹೇಳಿ ಹತ್ತಿಬಿಟ್ಟೆ.

ಶನಿವಾರ ಬೆಳಿಗ್ಗೆ ಮತ್ತೆ ಹೋಗಬೇಕಾಯಿತು. ಸ್ವಾಮಣ್ಣ ಆಗಷ್ಟೇ ಕಂಪ್ಯೂಟರ್ ಹಾಕಿ, ಊದುಬತ್ತಿ ಹಚ್ಚಿ, ಮೊದಲ ಮನೆಯ ಹಾಲನ್ನು ಲೋಟದಲ್ಲಿ ಹಿಡಿದಿದ್ದರು. ಯಂತ್ರ ಹೀರಿತು, ಪರದೆಯ ಮೇಲೆ ಏನೂ ಬರಲಿಲ್ಲ. ಅವರು ಒಂದಿಷ್ಟೂ ತಲೆಕೆಡಿಸಿಕೊಳ್ಳದೆ ಅದೇ ಮನೆಯ ಹಾಲನ್ನು ಇನ್ನೊಂದು ಲೋಟ ಹಿಡಿದರು. ಈಗ ಅಂಕೆ ಬಂತು.

"ಮೊದಲನೇದು ಯಾಕೆ ಬರಲಿಲ್ಲ?" ಎಂದು ಕೇಳಿದೆ.

"ಅದು ಬೋಣಿ ಅಲ್ವೇನಮ್ಮಾ. ಮೊದಲ್ನೇ ಲೋಟ ದೇವ್ರಿಗೆ. ದಿನಾಲೂ ಅಂಗೇ, ಖಾಲಿ ಬತ್ತದೆ. ನಾವೂ ಲೆಕ್ಕಕ್ಕೆ ಇಡಾಕಿಲ್ಲ."

"ಯಾವತ್ತಿಂದ?"

"ಈ ಕೋಲು ನಿಲ್ಲಿಸಿದ್ರಲ್ಲ, ಆವತ್ತಿಂದ."

ಬೇರೆ ಯಾವ ಊರಲ್ಲಾದರೂ ಯಂತ್ರ ಕೆಟ್ಟಿದೆ ಎಂದು ದೂರು ಕೊಡುತ್ತಿದ್ದರು. ಇಲ್ಲಿ ದೇವರಿಗೆ ಸೇರಿತು ಎಂದು ಕೈಮುಗಿದಿದ್ದರು! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕ್ಯಾನಿನ ಮೇಲೆ ಕೂತು ಯೋಚಿಸಿದೆ. ಮೊದಲ ಲೋಟದ ಅಂಕೆ ಬಂದು ಬಾಗಿಲಲ್ಲಿ ನಿಂತಿದೆ, ಗಂಟೆ ಬಾರಿಸಿದೆ. ಆದರೆ ಆ ಗಂಟೆ ವೈರ್‌ಲೆಸ್ಸಿನ ಕೈಯಲ್ಲಿ ಸಿಕ್ಕಿಕೊಂಡು ಸಾಹೇಬರಿಗೆ ಕೇಳಿಲ್ಲ. ಎರಡನೆಯ ಲೋಟದ ಅಂಕೆ ಬಂದು ಹಿಂದಿನಿಂದ ದಬ್ಬಿದಾಗ ಮೊದಲನೆಯದು ಒಳಗೆ ಹೋಗಿದೆ. ಎರಡನೆಯದು ಬಾಗಿಲಲ್ಲೇ ಉಳಿದಿದೆ, ಮೂರನೆಯ ಲೋಟ ಬರುವವರೆಗೆ. ಅಂದರೆ ಇಡೀ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಬರುತ್ತಿದ್ದುದು ತಮಗಿಂತ ಮುಂದೆ ನಿಂತವರ ಅಂಕೆ. ಎಲ್ಲರ ಮನೆಯಲ್ಲೂ ಅದೇ ಜಾತಿಯ ಹಸು, ನಾಲ್ಕಕ್ಕೆ ನಾಲ್ಕು ಸರಿಹೋಗಿ ಯಾರಿಗೂ ವ್ಯತ್ಯಾಸ ತಿಳಿದಿರಲಿಲ್ಲ. ಸಾಲು ಒಂದು ದಿನ ಹಿಂದುಮುಂದಾಗಿದ್ದರೂ ಗುಟ್ಟು ರಟ್ಟಾಗುತ್ತಿತ್ತು. ಆ ಊರಲ್ಲಿ ಸಾಲು ಬದಲಾಗುವುದುಂಟೆ?

ಮುನಿಯಮ್ಮ ಕೊನೆಯವಳು. ಅವಳ ಹಾಲಿನ ಅಂಕೆಯನ್ನು ಒಳಗೆ ದಬ್ಬಲು ಅವಳ ಹಿಂದೆ ಯಾರೂ ಇರಲಿಲ್ಲ. ಅದು ದಿನವೂ ಬಾಗಿಲಲ್ಲೇ ನಿಂತು, ಸ್ವಾಮಣ್ಣ ಸ್ವಿಚ್ ಆರಿಸಿದಾಗ ಅಲ್ಲೇ ಅಳಿಸಿಹೋಗುತ್ತಿತ್ತು. ಇದು ಹೊಳೆದಾಗ ನನಗೆ ಎಷ್ಟು ಸಂಕಟವಾಯಿತೆಂದರೆ, ಬೆನ್ನುನೋವು ಮರೆತುಹೋಯಿತು.

"ಸ್ವಾಮಣ್ಣ, ಇವತ್ತೊಂದು ದಿನ ಮುನಿಯಮ್ಮಕ್ಕನ ಹಾಲನ್ನ ಮಧ್ಯದಲ್ಲಿ ನೋಡಿ."

"ಅಯ್ಯಯ್ಯೋ, ಅದೊಂದು ಬ್ಯಾಡಮ್ಮಾ. ಸಾಲು ಮುಟ್ಟಾಕಾಗಾಕಿಲ್ಲ. ನಾಳೆ ನಾನು ಈ ಊರಾಗೆ ಓಡಾಡಾದು ಬ್ಯಾಡ್ವಾ?"

"ಹಾಗಾದ್ರೆ ಒಂದು ಲೋಟ ನೀರು ನೋಡಬಹುದಾ? ನೀರಿಗೆ ಸಾಲಿಲ್ಲ ತಾನೆ?"

ಅವರು ಮುಂದಿನ ಮನೆಯ ಲೋಟಕ್ಕೆ ಕೈಚಾಚಿದರು. ಅಕ್ಕಯ್ಯಮ್ಮನ ಹಾಲು ಆದ ಮೇಲೆ, ಪಾಪಣ್ಣನ ಹಾಲಿಗೆ ಮೊದಲು, ನಾನು ತೊಟ್ಟಿಯಿಂದ ಒಂದು ಲೋಟ ನೀರು ಹಿಡಿದು ತಂದು ಯಂತ್ರದ ಬಾಯಿಗಿಟ್ಟೆ. ಪರದೆಯ ಮೇಲೆ ಅಂಕೆ ಮೂಡಿತು. ಸ್ವಾಮಣ್ಣ ಓದಲು ಹೋಗಿ ತಡೆದರು.

"ಓದಿ," ಎಂದೆ.

"ನಾಕು ಪಾಯಿಂಟ್ ಎಲ್ಡು."

ಶೆಡ್ಡಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. "ನಮ್ಮೂರ ತೊಟ್ಟಿ ನೀರಾಗೆ ಇಷ್ಟು ಜಿಡ್ಡೈತಾ! ನಾಳೆಯಿಂದ ಅಸು ಯಾಕ್ಲಾ, ತೊಟ್ಟೀನೇ ಕರೀರಿ!" ಎಂದು ಯಾರೋ ಕೂಗಿದರು. ಪಾಪಣ್ಣನೂ ನಗುತ್ತಲೇ ತನ್ನ ಕ್ಯಾನಿನಿಂದ ಲೋಟ ತುಂಬಿಸಿ ಕೊಟ್ಟ. ಯಂತ್ರ ಹೀರಿತು.

"ಪಾಪಣ್ಣ," ಸ್ವಾಮಣ್ಣನ ದನಿ ಇಳಿಯಿತು, "ಸೊನ್ನೆ."

"ಏನಂದೆ?"

"ಸೊನ್ನೆ ಅಂತ ಬಂದೈತೆ ಕಣಣ್ಣ."

ಪಾಪಣ್ಣನ ಕಣ್ಣು ಕೆಂಪಗಾದವು. "ಓರಿ ದೇವುಡಾ! ನನ್ನಾಲಾಗೆ ಜಿಡ್ಡೇ ಇಲ್ವೇನ್ಲಾ? ಈಯಮ್ಮ ಬಂದು ಮಿಷನ್ ಕೆಡಿಸಿಬಿಟ್ಲು!" ಎಂದು ನನ್ನ ಕಡೆ ತಿರುಗಿದ.

"ಕೆಡಿಸಿಲ್ಲ ಪಾಪಣ್ಣನೋರೇ. ಈ ಸೊನ್ನೆ ನಿಮ್ಮದಲ್ಲ, ನೀರಿನದು. ಮಿಷನ್ ಒಬ್ಬರ ಅಂಕೆ ಹಿಡಿದಿಟ್ಟು ಅವರ ಹಿಂದೆ ಬಂದವರಿಗೆ ತೋರಿಸ್ತಾ ಇದೆ. ನಿಮ್ಮ ನಿಜವಾದ ಅಂಕೆ ಒಳಗಿದೆ. ಮುಂದಿನ ಲೋಟ ಇಟ್ಟಾಗ ಬರುತ್ತೆ."

ಅವನಿಗೆ ಜೀವ ಬಂದಂತಾಯಿತು. ಜನರ ಕಡೆ ತಿರುಗಿ ಕೈಯೆತ್ತಿ ತಾನೇ ಸಾರತೊಡಗಿದ. "ಎಲ್ರೂ ಕೇಳಿಸ್ಕೊಂಡ್ರಾ? ಸೊನ್ನೆ ನಂದಲ್ಲ, ನೀರಿಂದು! ನಂದು ಒಳ್ಗೈತೆ. ಈಗ ಬರಾದೇ ನಂದು, ನೋಡ್ತಿರಿ! ಲೇ ಮುನಿಯಮ್ಮಿ, ನಿನ್ ಲೋಟ ಇಡೇ ಬಿರ್ರನೆ!"

ಮುನಿಯಮ್ಮ ಲೋಟ ಕೊಟ್ಟಳು. ಯಂತ್ರ ಹೀರಿತು. ಎಲ್ಲರೂ ಪರದೆಯ ಕಡೆಗೆ ಬಗ್ಗಿದರು. ಓದು ಬಾರದವರೂ ಬಗ್ಗಿದರು.

ಸ್ವಾಮಣ್ಣ ನೋಡಿ ಸ್ಟೌವಿನ ಕಡೆ ತಿರುಗಿಕೊಂಡರು. ಬಗ್ಗಿದ್ದವರಲ್ಲಿ ಯಾರೋ ಓದಿಬಿಟ್ಟರು. "ಎಲ್ಡು ಪಾಯಿಂಟ್ ಏಳು."

ಯಾರೂ ನಗಲಿಲ್ಲ. ಪಾಪಣ್ಣ ಎತ್ತಿದ ಕೈಯನ್ನು ಇಳಿಸಿ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಕ್ಯಾನು ತೊಳೆದ ನೀರನ್ನು ಹಾಲಿಗೆ ಸೇರಿಸುವುದರಿಂದ ಅವನು ಶುರುಮಾಡಿದ್ದಿರಬಹುದು, ತನ್ನ ಮುಂದೆ ನಿಂತ ಅಕ್ಕಯ್ಯಮ್ಮನ ಗಟ್ಟಿ ಹಾಲಿನ ಅಂಕೆಯೇ ತನಗೆ ಬರುತ್ತಿದ್ದುದರಿಂದ ಧೈರ್ಯ ಹೆಚ್ಚಿತ್ತೋ ಏನೋ, ನನಗೆ ಗೊತ್ತಿಲ್ಲ. ಅವನನ್ನು ಯಾರೂ ಏನೂ ಕೇಳಲಿಲ್ಲ. ಕೇಳುವ ಊರೂ ಅದಲ್ಲ. ನಾನು ಇನ್ನೊಂದು ಲೋಟ ನೀರು ತಂದು ಯಂತ್ರಕ್ಕಿಟ್ಟೆ. ಈಗ ಬರಬೇಕಾದದ್ದು ಮುನಿಯಮ್ಮನದು. ಬಂತು. ನಾಲ್ಕು ಪಾಯಿಂಟ್ ಆರು. ಆವತ್ತು ಆ ಶೆಡ್ಡಿಗೆ ಬಂದ ಹಾಲಿನಲ್ಲೆಲ್ಲ ಅದೇ ಗಟ್ಟಿ.

"ಓದಿ ಸ್ವಾಮಣ್ಣ."

"ಅದು ನೀರಿನ ಲೋಟಕ್ಕೆ ಬಂದಿದ್ದಲ್ವೇನಮ್ಮಾ, ಎಂಗ್ ಓದ್ಲಿ? ಮೊದ್ಲು ಮಿಷನ್ ಸರಿಮಾಡು. ಆಯ್ತು, ಎಲ್ಲಾ ಮನೇಗ್ ಓಗ್ರಪ್ಪಾ, ಬಿಸಿಲು ಏರ್ತಾ ಐತೆ." ಎಂದು ಸ್ವಿಚ್ಚಿಗೆ ಕೈಹಾಕಿದರು. ಮುನಿಯಮ್ಮನಿಗೆ ಆ ಅಂಕೆ ಓದಲು ಬರುತ್ತಿರಲಿಲ್ಲ. ಪರದೆ ಕಪ್ಪಾಗುವವರೆಗೆ ಅದನ್ನೇ ನೋಡುತ್ತ ನಿಂತಿದ್ದಳು.

ಮಧ್ಯಾಹ್ನವೆಲ್ಲ ನಾನು ಶೆಡ್ಡಿನಲ್ಲೇ ಉಳಿದೆ. ಈ ಸಲ ಸೌಂಡ್ ಕಾರ್ಡನ್ನು ನಿಲ್ಲಿಸಲಿಲ್ಲ, ಬಿಚ್ಚಿ ತೆಗೆದು ಚೀಲಕ್ಕೆ ಹಾಕಿಕೊಂಡೆ. ಅದರ ಗಂಟೆಯನ್ನು ವೈರ್‌ಲೆಸ್ಸಿಗೆ ಕಟ್ಟಿದೆ. ಕಂಪ್ಯೂಟರ್ ಪ್ರತಿಸಲ ಶುರುವಾಗುವಾಗ ತನ್ನಿಷ್ಟಕ್ಕೆ ಹಂಚುವ ಅಭ್ಯಾಸವಿತ್ತಲ್ಲ, ಅದನ್ನೂ ತಡೆದು, ಫ್ಯಾಟ್ ಮಿಷನ್ನಿನ ಗಂಟೆಯನ್ನು ಅದಕ್ಕೇ ಮೀಸಲಿಟ್ಟೆ. ಮತ್ತೆ ಮತ್ತೆ ಆರಿಸಿ ಹಚ್ಚಿ ನೋಡಿದೆ. ಹಳದಿ ಗುರುತು ಬರಲಿಲ್ಲ. ಸ್ವಾಮಣ್ಣ ಮುಖ ಊದಿಸಿಕೊಂಡು ಸ್ಟೌವಿನ ಮುಂದೆ ಕೂತಿದ್ದರು.

"ದೇವ್ರ ಆಡು?"

"ಮನೆಯಿಂದ ಟೇಪ್‌ರೆಕಾರ್ಡರ್ ತನ್ನಿ. ದೇವರು ಬೇಡ ಅನ್ನಲ್ಲ."

ಅವರು ಎದ್ದುಹೋಗಿ ತಂದೇ ತಂದರು. ಅಷ್ಟು ದಿನ ಈ ಮಾತು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ ನೋಡಿ. ಹಾಲು ಉಕ್ಕಿತು. ಉಳಿದದ್ದರಲ್ಲಿ ಟೀ ಮಾಡಿಕೊಟ್ಟರು.

ಸಂಜೆಯ ಸಾಲು ನೋಡಿಯೇ ಹೋಗುವುದೆಂದು ರೈಲು ಬಿಟ್ಟೆ. ಸುದ್ದಿ ಹಬ್ಬಿ, ಹಾಲಿಲ್ಲದವರೂ ಶೆಡ್ಡಿನ ಮುಂದೆ ಸೇರಿದ್ದರು. ಡೇರಿಯ ಸೂಪರ್‌ವೈಸರನೂ ಹಳಿ ದಾಟಿ ಬಂದು ಬಾಗಿಲಲ್ಲಿ ನಿಂತಿದ್ದ. ಮೊದಲ ಲೋಟಕ್ಕೇ ಅಂಕೆ ಬಂತು. ಬೋಣಿ ಹೋಯಿತಲ್ಲ ಎಂದು ಒಬ್ಬ ಮುದುಕ ಗೊಣಗಿದ. ಒಬ್ಬೊಬ್ಬರ ಅಂಕೆಯನ್ನೂ ಸ್ವಾಮಣ್ಣ ಎಂದಿನಂತೆ ಕೂಗುತ್ತ ಹೋದರು. ಪಾಪಣ್ಣನ ಹಾಲು ಆವತ್ತು ಸಂಜೆ ಶುದ್ಧವಾಗಿತ್ತು, ನಾಲ್ಕು ಬಂತು. ಅವನು ಖಾಲಿ ಕ್ಯಾನು ಹಿಡಿದು ಹೊರಡಲು ತಿರುಗಿದ, ಆದರೆ ಬಾಗಿಲಲ್ಲಿ ಜನ ತುಂಬಿದ್ದರಿಂದ ಅಲ್ಲೇ ನಿಲ್ಲಬೇಕಾಯಿತು.

ಮುನಿಯಮ್ಮನ ಲೋಟ ಇಟ್ಟರು. ಅಂಕೆ ಬಂತು. ಸ್ವಾಮಣ್ಣ ಅದನ್ನು ಮೂಗಿನಲ್ಲೇ ಗೊಣಗಿ, "ಸರಿ, ಸುರಿಯಮ್ಮ" ಎಂದರು.

ಅವಳು ಸುರಿಯಲಿಲ್ಲ. ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಳು.

"ಏಟು ಬಂತು ಸ್ವಾಮಿ?"

"ಚೆನ್ನಾಗೇ ಬಂತು ಬಿಡು. ನಾಕು ಪಾಯಿಂಟ್ ಆರು."

"ನೀರು ಅಂತ ಅನ್ವಾಗ ಬೀದಿ ತುದಿಗಂಟ ಕೇಳ್ತಿತ್ತು. ಅಂಗೇ ಕೂಗಿ ಏಳಿ."

ಸ್ವಾಮಣ್ಣ ಸೂಪರ್‌ವೈಸರನ ಮುಖ ನೋಡಿದರು. ಅವನು ಬೇರೆಲ್ಲೋ ನೋಡಿದ. ನನ್ನ ಕಡೆ ನೋಡಿದರು. ನಾನು ನೋಡುತ್ತಲೇ ಇದ್ದೆ. ಕೊನೆಗೆ ಟೇಪ್‌ರೆಕಾರ್ಡರ್ ಆರಿಸಿ ಎದ್ದುನಿಂತರು.

"ಮುನಿಯಮ್ಮ, ನಾಕು ಪಾಯಿಂಟ್ ಆರು!"

ಬೀದಿಯ ತುದಿಗೆ ಕೇಳಿಸಿರಬೇಕು, ಅಲ್ಲೊಂದು ನಾಯಿ ಬೊಗಳಿತು. ಆದರೂ ಅವಳು ಪಾತ್ರೆ ಬಗ್ಗಿಸಲಿಲ್ಲ. ಜನರ ಕಡೆ ತಿರುಗಿದಳು. ದನಿ ಜೋರಿರಲಿಲ್ಲ, ದಣಿದಿತ್ತು.

"ಎಲ್ರಿಗೂ ಕೇಳುಸ್ತಾ?"

ಅಕ್ಕಯ್ಯಮ್ಮ ಸೆರಗಿನ ತುದಿ ತಿರುವುತ್ತಿದ್ದಳು. ಸೆಕೆಗೆ ಹಾಲು ಒಡೆದುಹೋಗುತ್ತದಲ್ಲ ಎಂದು ನನಗೆ ಒಳಗೊಳಗೇ ಹೆದರಿಕೆ. ಅವಳಿಗೆ ಆ ಹೆದರಿಕೆ ಇದ್ದಂತೆ ಕಾಣಲಿಲ್ಲ. ಬೆಳಗಿನವರೆಗೂ ಹಾಗೆಯೇ ನಿಲ್ಲುವವಳಂತೆ ನಿಂತಿದ್ದಳು.

"ಕೇಳುಸ್ತು ಕಣಮ್ಮ," ಎಂದಿತು ಒಂದು ದನಿ. ನೋಡಿದರೆ ಪಾಪಣ್ಣ. ಮುಖ ಎತ್ತಿರಲಿಲ್ಲ, ಕೈಯಲ್ಲಿದ್ದ ಖಾಲಿ ಕ್ಯಾನಿನ ಒಳಗೇ ನೋಡುತ್ತಿದ್ದ. "ಎಲ್ರಿಗೂ ಕೇಳುಸ್ತು. ಸುರಿ."

ಅವಳು ಸುರಿದಳು.